ಇಂಗ್ಲಿಷ್ ಹಳ್ಳಿಯ ಕೊಲೆ ಕಥೆಗಳಲ್ಲಿ ಸತ್ತವರಿಗೆ ಯಾರೂ ಅಳುವುದಿಲ್ಲ ಯಾಕೆ?

ಸುಮಾ_ಹಾಸನ · ಭಾನುವಾರ ರಾತ್ರಿ 10:20

ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಸ್ವಲ್ಪ ದಿನ ಓದುವ ಹಾಗಿಲ್ಲ, ಟಿವಿಯೂ ಬೇಡ ಎಂದಿದ್ದಾರೆ. ಅದಕ್ಕೆ ರಾತ್ರಿ ಊಟ ಆದ ಮೇಲೆ ನಾನೇ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿ ಹಿಡಿದುಕೊಂಡು ಕನ್ನಡದಲ್ಲಿ ಕಥೆ ಹೇಳುತ್ತೇನೆ. ದಿನಕ್ಕೆ ಎರಡು ಅಧ್ಯಾಯ. ಮೊನ್ನೆ ಮುಗಿದಿದ್ದು 1930ರ 'ದ ಮರ್ಡರ್ ಅಟ್ ದ ವಿಕರೇಜ್'. ಕೊಲೆ ಪತ್ತೆ ಮಾಡುವ ಹಳ್ಳಿ ಮುದುಕಿ ಮಿಸ್ ಮಾರ್ಪಲ್ ಬರುವ ಮೊದಲ ಕಾದಂಬರಿ.

ಓದದವರಿಗೆ ಎರಡೇ ಮಾತು. ಸೇಂಟ್ ಮೇರಿ ಮೀಡ್ ಎಂಬ ಹಳ್ಳಿ. ಊರಿನ ಪಾದ್ರಿ ಊಟದ ಹೊತ್ತಿನಲ್ಲಿ ಸರಿಯಾಗಿ ಬೇಯದ ಮಾಂಸ ಕುಯ್ಯುತ್ತಾ, ಕರ್ನಲ್ ಪ್ರೊಥೆರೋನನ್ನು ಯಾರಾದರೂ ಕೊಂದರೆ ಲೋಕಕ್ಕೇ ಉಪಕಾರ ಎನ್ನುತ್ತಾನೆ. ಸ್ವಲ್ಪದರಲ್ಲೇ ಅದೇ ಕರ್ನಲ್ ಅದೇ ಪಾದ್ರಿಯ ಓದುವ ಕೋಣೆಯಲ್ಲಿ ಗುಂಡು ತಿಂದು ಮೇಜಿನ ಮೇಲೆ ಬಿದ್ದಿರುತ್ತಾನೆ. ಆಮೇಲೆ ಊರೆಲ್ಲ ಟೀ ಕುಡಿಯುತ್ತಾ ಕೂರುತ್ತದೆ.

ಕೊಲೆಗಾರ ಯಾರು ಎಂದು ಹೇಳಿದಾಗ ಅಮ್ಮನಿಗೆ ಏನೂ ಅನ್ನಿಸಲಿಲ್ಲ. 'ಹೂಂ' ಅಂದರು ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: 'ಅಲ್ಲ ಕಣೇ, ಸಾವಾದ ಮನೆಗೆ ಯಾರೂ ಅನ್ನ ಸಾರು ಕಳಿಸಲೇ ಇಲ್ವಾ? ಅವತ್ತು ಆ ಮನೇಲಿ ಒಲೆ ಹಚ್ಚಿದ್ರಾ?'

ನನ್ನ ಹತ್ತಿರ ಉತ್ತರ ಇಲ್ಲ. ಇಪ್ಪತ್ತು ವರ್ಷದಿಂದ ಈ ಪುಸ್ತಕಗಳನ್ನು ಓದುತ್ತಿದ್ದೇನೆ, ಒಂದು ಸಲವೂ ಈ ಪ್ರಶ್ನೆ ಬಂದಿರಲಿಲ್ಲ. ನಿಮಗೇನನ್ನಿಸುತ್ತೆ?

ಕಾಫಿ_ಕಡಕ್ · 10:26

ಅಮ್ಮನಿಗೆ ಒಂದು ದೊಡ್ಡ ನಮಸ್ಕಾರ ಹೇಳಿ.

ರಾತ್ರಿ_ಓದುಗ · 10:41

ಸುಮಾ ಅವರೇ, ಸಾಯುವವನನ್ನು ಆರಿಸುವಾಗಲೇ ಇದಕ್ಕೆ ಉತ್ತರ ಇದೆ. ಇಂಥ ಕಥೆಯಲ್ಲಿ ಮೊದಲು ಸಾಯುವವನು ಯಾರಿಗೂ ಬೇಡವಾದವನು. ಜಿಪುಣ ಮುದುಕ, ಹೆಂಡತಿ ಮಕ್ಕಳನ್ನು ಗೋಳು ಹುಯ್ದುಕೊಳ್ಳುವ ಜಮೀನ್ದಾರ, ಊರವರ ಗುಟ್ಟು ಹಿಡಿದು ದುಡ್ಡು ಕೀಳುವ ಹೆಂಗಸು. ಊರಲ್ಲಿ ಎಲ್ಲರಿಗೂ ಅವನ ಮೇಲೆ ಸಿಟ್ಟಿರಬೇಕು, ಇಲ್ಲದಿದ್ದರೆ ಅನುಮಾನ ಪಡಲು ಹತ್ತು ಜನ ಎಲ್ಲಿಂದ ಬರಬೇಕು? ಅವನಿಗೆ ಅಳುವವರಿದ್ದರೆ ಕಥೆಗೇ ಕಷ್ಟ.

ಕವಿ ಆಡೆನ್ 1948ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಬರೆದಿದ್ದ. ತನಗೆ ಈ ಕಥೆಗಳು ಸಿಗರೇಟಿನಂತೆ ಚಟ ಎಂದು ಒಪ್ಪಿಕೊಂಡು, ಇಂಗ್ಲೆಂಡಿನ ಹಳ್ಳಿಯಲ್ಲಿ ನಡೆಯದ ಕಥೆಯಾದರೆ ತನಗೆ ಓದಲಿಕ್ಕೇ ಕಷ್ಟ ಎನ್ನುತ್ತಾನೆ. ಊರು ಚೊಕ್ಕಟ ಇದ್ದಷ್ಟೂ ಹೆಣ ಅಸಹ್ಯ ಕಾಣಬೇಕಂತೆ, ದಿವಾನಖಾನೆಯ ಕಂಬಳಿ ಮೇಲೆ ನಾಯಿ ಗಲೀಜು ಮಾಡಿದ ಹಾಗೆ. ಗಲೀಜಿಗೆ ಯಾರಾದರೂ ಅಳುತ್ತಾರಾ? ಬಟ್ಟೆ ತಂದು ಒರೆಸುತ್ತಾರೆ. ಆ ಬಟ್ಟೆಯೇ ಪತ್ತೇದಾರ.

ಗಣಿತ_ಮೇಷ್ಟ್ರು · 10:55

ಇಷ್ಟೆಲ್ಲ ಯೋಚನೆ ಯಾಕೆ? ಇದು ಪದಬಂಧ. ಪದಬಂಧ ಬಿಡಿಸುವಾಗ ಯಾರಾದರೂ ಅಳುತ್ತಾರೆಯೇ?

1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಬರಹಗಾರ ಪತ್ತೇದಾರಿ ಕಥೆಗಳಿಗೆ ಹತ್ತು ಕಟ್ಟಳೆ ಬರೆದ. ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇರಬಾರದು. ಯಾರೂ ಕೇಳರಿಯದ ವಿಷ ಬಳಸಬಾರದು. ಅವಳಿ ಜವಳಿ ಇದ್ದರೆ ಮೊದಲೇ ಸುಳಿವು ಕೊಡಬೇಕು. ಪತ್ತೇದಾರನೇ ಕೊಲೆ ಮಾಡಬಾರದು. ಮುಂದಿನ ವರ್ಷವೇ ಲಂಡನ್ನಿನಲ್ಲಿ ಪತ್ತೇದಾರಿ ಬರಹಗಾರರ ಡಿಟೆಕ್ಷನ್ ಕ್ಲಬ್ ಶುರುವಾಯಿತು. ಚೆಸ್ಟರ್‌ಟನ್ ಅಧ್ಯಕ್ಷ, ಕ್ರಿಸ್ಟಿ, ಡೊರೊಥಿ ಸೇಯರ್ಸ್ ಎಲ್ಲ ಸದಸ್ಯರು. ಓದುಗನಿಗೆ ಮೋಸ ಮಾಡಬಾರದು ಎಂಬುದೇ ಅವರ ತಲೆಬಿಸಿ. ಅಳಬೇಕು ಎಂಬ ಕಟ್ಟಳೆ ಹತ್ತರಲ್ಲಿ ಒಂದೂ ಇಲ್ಲ. ಅಂದಹಾಗೆ ಆ ನಾಕ್ಸ್ ಸ್ವತಃ ಕ್ಯಾಥೊಲಿಕ್ ಪಾದ್ರಿ.

ಕಾಫಿ_ಕಡಕ್ · 10:58

ಪಾದ್ರಿಗಳಿಗೆ ಭಾನುವಾರ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ ಅನ್ನಿಸುತ್ತೆ.

ಧಾರವಾಡ_ಫೇಡಾ · 11:17

ಮೇಷ್ಟ್ರೇ, ತಪ್ಪು. ಅಳುತ್ತಾರೆ. ನೀವು 'ಎ ಪಾಕೆಟ್ ಫುಲ್ ಆಫ್ ರೈ' ಓದಿಲ್ಲ ಅಂತ ಕಾಣುತ್ತೆ. 1953ರದ್ದು.

ಗ್ಲ್ಯಾಡಿಸ್ ಎಂಬ ಕೆಲಸದ ಹುಡುಗಿ. ಅನಾಥಾಶ್ರಮದಲ್ಲಿ ಬೆಳೆದವಳು, ಸ್ವಲ್ಪ ಪೆದ್ದು. ಸೇಂಟ್ ಮೇರಿ ಮೀಡ್‌ನಲ್ಲಿ ಮಿಸ್ ಮಾರ್ಪಲ್ಲೇ ಅವಳಿಗೆ ಮನೆಗೆಲಸ ಕಲಿಸಿರುತ್ತಾಳೆ. ಆಮೇಲೆ ಆ ಹುಡುಗಿ ಬೇರೆ ಊರಿನ ಶ್ರೀಮಂತರ ಮನೆ ಸೇರುತ್ತಾಳೆ. ಅಲ್ಲಿ ಬಟ್ಟೆ ಒಣಹಾಕುವ ಹಗ್ಗದ ಹತ್ತಿರ ಅವಳ ಹೆಣ ಸಿಗುತ್ತದೆ. ಮೂಗಿಗೆ ಬಟ್ಟೆಯ ಕ್ಲಿಪ್ ಸಿಕ್ಕಿಸಿರುತ್ತಾರೆ.

ಆ ಕ್ಲಿಪ್ಪಿನ ವಿಷಯ ಕೇಳಿ ಮುದುಕಿಗೆ ಸಿಟ್ಟು ಬರುತ್ತದೆ. ಕೊಂದಿದ್ದಕ್ಕಿಂತ ಜಾಸ್ತಿ ಆ ಕ್ಲಿಪ್ಪಿಗೆ. ಸತ್ತ ಮೇಲೂ ಹುಡುಗಿಯನ್ನು ಆಡಿಕೊಂಡರಲ್ಲ ಎಂದು. ರೈಲು ಹತ್ತಿ ತಾನೇ ಅಲ್ಲಿಗೆ ಬರುತ್ತಾಳೆ. ಕೊನೆಯ ಪುಟದಲ್ಲಿ ಗ್ಲ್ಯಾಡಿಸ್ ಮೊದಲೇ ಬರೆದು ಹಾಕಿದ್ದ ಕಾಗದ ಕೈಗೆ ಸಿಗುತ್ತದೆ, ಜೊತೆಗೊಂದು ಫೋಟೋ. ಮಿಸ್ ಮಾರ್ಪಲ್ ಕಣ್ಣಲ್ಲಿ ನೀರು ಬರುತ್ತದೆ. ಆ ಫೋಟೋದಲ್ಲಿ ಇರುವುದು

[ಗುಟ್ಟು ಬಿಟ್ಟುಕೊಡುವ ಎರಡು ಸಾಲು ತೆಗೆದಿದ್ದೇನೆ. ಓದದವರೂ ಇಲ್ಲಿದ್ದಾರೆ. – ನಿರ್ವಾಹಕ]

ಧಾರವಾಡ_ಫೇಡಾ · 11:20

70 ವರ್ಷ ಹಳೇ ಪುಸ್ತಕಕ್ಕೂ ಗುಟ್ಟಾ ಸಾಹೇಬರೇ!

ನಿರ್ವಾಹಕ · 11:22

ಹೌದು.

ಗಣಿತ_ಮೇಷ್ಟ್ರು · 11:30

ಫೇಡಾ ಅವರೇ, ಅದು ಹಳ್ಳಿಯ ಕಥೆಯೇ ಅಲ್ಲ. ದಿನಾ ಲಂಡನ್ನಿಗೆ ರೈಲಿನಲ್ಲಿ ಹೋಗಿ ಬರುವ ದುಡ್ಡಿದ್ದವರ ಊರು ಅದು. ಹಳ್ಳಿಯಿಂದ ಬಂದಿದ್ದು ಕೆಲಸದವಳು ಮತ್ತು ಮಿಸ್ ಮಾರ್ಪಲ್ ಇಬ್ಬರೇ.

ಧಾರವಾಡ_ಫೇಡಾ · 11:33

ಅಳುವವಳು ಹಳ್ಳಿಯವಳೇ ಅಂತ ನೀವೇ ಒಪ್ಪಿಕೊಂಡ್ರಿ. ಥ್ಯಾಂಕ್ಸ್ ಸರ್.

ವಕೀಲಮ್ಮ · ಸೋಮವಾರ ಬೆಳಿಗ್ಗೆ 7:05

ರಾತ್ರಿ ಮಲಗಿದ್ದೆ, ಇಲ್ಲಿ ಜಾತ್ರೆಯೇ ಆಗಿದೆ.

ನಾನು ಕೋರ್ಟಿನ ಕಡೆಯಿಂದ ಹೇಳುತ್ತೇನೆ. ಈ ಕಥೆಗಳ ತಿರುಳು ವಿಲ್. ಅತ್ತೆಯೋ ಚಿಕ್ಕಪ್ಪನೋ ದೊಡ್ಡ ಬಂಗಲೆಯಲ್ಲಿ ಕೂತಿರುತ್ತಾರೆ. 'ನಾಳೆ ವಕೀಲರನ್ನು ಕರೆಸಿ ವಿಲ್ ಬದಲಾಯಿಸುತ್ತೇನೆ' ಎನ್ನುತ್ತಾರೆ. ರಾತ್ರಿಯೇ ಕೊಲೆ. ನಮ್ಮ ಊರಿನಲ್ಲಿ ಈ ಕಥೆ ಅಷ್ಟು ಸಲೀಸಾಗಿ ಕೂರುವುದಿಲ್ಲ. ಯಾಕೆಂದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿದಾಗಿನಿಂದಲೇ ಪಾಲು (2005ರಿಂದ ಮಗಳಿಗೂ). ಅಪ್ಪ ಸಿಟ್ಟಿನಲ್ಲಿ 'ನಿನಗೆ ಒಂದು ಕಾಸೂ ಕೊಡಲ್ಲ' ಎಂದರೆ ಮಗ 'ನೋಡೋಣ, ಕೋರ್ಟಿಗೆ ಬನ್ನಿ' ಎನ್ನುತ್ತಾನೆ. ಕೇಸು ಮೂವತ್ತು ವರ್ಷ ನಡೆಯುತ್ತದೆ. ಯಾರೂ ಯಾರನ್ನೂ ಕೊಲ್ಲಬೇಕಿಲ್ಲ, ವಯಸ್ಸಾಗಿ ತಾವೇ ಹೋಗುತ್ತಾರೆ.

ಇಂಗ್ಲೆಂಡಿನಲ್ಲಿ ಹಾಗಲ್ಲ. ಆಗ ಅಲ್ಲಿ ಮನುಷ್ಯ ತನ್ನ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದಿತ್ತು. ಹೆಂಡತಿ ಮಕ್ಕಳಿಗೆ ಏನೂ ಬಿಡದೆ ಬೆಕ್ಕಿನ ಆಶ್ರಮಕ್ಕೆ ಬರೆದರೂ ಕೇಳುವ ಹಾಗಿರಲಿಲ್ಲ. ಮನೆಯವರು ಕೋರ್ಟಿಗೆ ಹೋಗಿ ಜೀವನಾಂಶ ಕೇಳಬಹುದು ಎಂಬ ಕಾನೂನು ಬಂದಿದ್ದೇ 1938ರಲ್ಲಿ. ಅಲ್ಲಿಯವರೆಗೆ ಆ ಮುದುಕನ ಒಂದು ಸಹಿಯ ಮೇಲೆ ಇಡೀ ಮನೆ ನಿಂತಿರುತ್ತಿತ್ತು. ಅಳಿಯ, ತಂಗಿ ಮಗ, ಜೊತೆಗಿರುವ ಬಡ ಹೆಂಗಸು, ಡಾಕ್ಟರು, ಎಲ್ಲರೂ ಕಾಯುತ್ತಾ ಕೂತವರೇ. ಅಮ್ಮನಿಗೆ ಹೇಳಿ: ಅಳುವವರು ಇರಲಿಲ್ಲ, ಕಾಯುವವರು ಇದ್ದರು.

ಔಷಧಿ_ಅಂಗಡಿ · 8:40

ವಕೀಲಮ್ಮನ ಮಾತಿಗೆ ಒಂದು ನಿಜವಾದ ಕೇಸು ಸೇರಿಸುತ್ತೇನೆ. ನನ್ನ ಕಸುಬಿಗೂ ಸಂಬಂಧ ಇದೆ.

ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದಲ್ಲಿ ಟಾರ್ಕಿ ಊರಿನ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದ್ದಳು. ಅದಕ್ಕೇ ಅವಳ ವಿಷಗಳು ಅಷ್ಟು ಸರಿಯಾಗಿರುತ್ತವೆ. 1851ರ ಕಾನೂನಿನ ಪ್ರಕಾರ ಇಂಗ್ಲೆಂಡಿನಲ್ಲಿ ಆರ್ಸೆನಿಕ್ ಕೊಂಡರೆ ಪುಸ್ತಕದಲ್ಲಿ ಹೆಸರು ಬರೆದು ಸಹಿ ಹಾಕಬೇಕಿತ್ತು. ಸಣ್ಣ ಪ್ರಮಾಣದಲ್ಲಿ ಮಾರುವಾಗ ಸಕ್ಕರೆ ಎಂದು ಯಾರೂ ಮೋಸ ಹೋಗದಿರಲಿ ಎಂದು ಮಸಿ ಅಥವಾ ನೀಲಿ ಬೆರೆಸಬೇಕಿತ್ತು. ಕಥೆಗಳಲ್ಲಿ ಪೊಲೀಸರು ಔಷಧಿ ಅಂಗಡಿಗೆ ಹೋಗಿ ಪುಸ್ತಕ ತಿರುವುವುದು ಇದಕ್ಕೇ.

ಈಗ ಕೇಸು. ಹೇ-ಆನ್-ವೈ ಎಂಬ ಸಣ್ಣ ಇಂಗ್ಲಿಷ್ ಊರು. ಹರ್ಬರ್ಟ್ ಆರ್ಮ್‌ಸ್ಟ್ರಾಂಗ್ ಎಂಬ ವಕೀಲ. ತೋಟದ ಕಳೆಗೆ ಎಂದು ಆರ್ಸೆನಿಕ್ ತರುತ್ತಿದ್ದ. 1921ರ ಫೆಬ್ರುವರಿಯಲ್ಲಿ ಹೆಂಡತಿ ಸತ್ತಳು. ಕಾಯಿಲೆ ಎಂದುಕೊಂಡು ಎಲ್ಲರೂ ಸುಮ್ಮನಾದರು. ಅದೇ ಬೀದಿಯ ಎದುರು ಬದಿಯಲ್ಲಿ ಇನ್ನೊಬ್ಬ ವಕೀಲ ಮಾರ್ಟಿನ್, ಇಬ್ಬರಿಗೂ ಒಂದು ವ್ಯವಹಾರದಲ್ಲಿ ತಕರಾರು. ಅಕ್ಟೋಬರಿನಲ್ಲಿ ಆರ್ಮ್‌ಸ್ಟ್ರಾಂಗ್ ಅವನನ್ನು ಟೀಗೆ ಕರೆದ. ಬೆಣ್ಣೆ ಹಚ್ಚಿದ ಸ್ಕೋನ್ (ಬನ್ನಿನಂಥ ತಿಂಡಿ) ಒಂದನ್ನು ಕೈಯಲ್ಲೇ ಎತ್ತಿ ಕೊಟ್ಟು 'ಕೈಯಲ್ಲಿ ಕೊಟ್ಟೆ, ತಪ್ಪು ತಿಳಿಯಬೇಡಿ' ಎಂದನಂತೆ. ಮಾರ್ಟಿನ್ ಮನೆಗೆ ಹೋಗಿ ರಾತ್ರಿಯೆಲ್ಲ ವಾಂತಿ.

ಅವನ ಮಾವ ಯಾರು ಗೊತ್ತಾ? ಅದೇ ಊರಿನ ಔಷಧಿ ಅಂಗಡಿಯವನು. ಆರ್ಸೆನಿಕ್ ಮಾರಿದವನೇ ಅವನು. ಅಳಿಯನ ವಾಂತಿ ನೋಡಿದ, ಯಾರಿಗೆ ಎಷ್ಟು ಮಾರಿದೆ ಎಂದು ನೆನಪಾಯಿತು. ಪೊಲೀಸರಿಗೆ ಸುದ್ದಿ ಹೋಯಿತು. ತನಿಖೆ ನಡೆಯುವಾಗ ಯಾರಿಗೂ ಹೇಳಬೇಡ ಎಂದರು. ಆರ್ಮ್‌ಸ್ಟ್ರಾಂಗ್ ಮತ್ತೆ ಮತ್ತೆ ಟೀಗೆ ಕರೆಯುತ್ತಿದ್ದ, ಮಾರ್ಟಿನ್ ವಾರಗಟ್ಟಲೆ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಎದುರು ಬದುರು ಆಫೀಸು, ಕಿಟಕಿಯಿಂದ ಕಾಣುತ್ತದೆ, ಇವತ್ತು ಏನು ನೆಪ ಹೇಳುವುದು? ಬಂಧಿಸಿದಾಗ ಆರ್ಮ್‌ಸ್ಟ್ರಾಂಗ್ ಜೇಬಿನಲ್ಲಿ ಆರ್ಸೆನಿಕ್ಕಿನ ಒಂದು ಸಣ್ಣ ಪೊಟ್ಟಣ ಸಿಕ್ಕಿತು. 20 ಪೊಟ್ಟಣ ಕಟ್ಟಿದ್ದೆ, 19ನ್ನು ಕಳೆಗೆ ಹಾಕಿದೆ, ಇದು ಉಳಿದಿದ್ದು ಎಂದ. ಹೆಂಡತಿಯ ಹೆಣ ಹೊರತೆಗೆದು ನೋಡಿದರೆ ತುಂಬಾ ಆರ್ಸೆನಿಕ್. 1922ರ ಮೇ 31ರಂದು ಗಲ್ಲಿಗೆ ಹಾಕಿದರು. ಬ್ರಿಟನ್ನಿನಲ್ಲಿ ಕೊಲೆಗಾಗಿ ಗಲ್ಲಿಗೇರಿದ ವಕೀಲ ಅವನೊಬ್ಬನೇ.

ವಕೀಲಮ್ಮ · 8:52

ಕೊನೆಯ ವಾಕ್ಯ ಬೇಕಿತ್ತಾ ಅಣ್ಣ?

ಆಕ್ಸ್‌ಫರ್ಡ್‌ಶೈರ್_ಅಳಿಯ · ಮಧ್ಯಾಹ್ನ 1:10

ಸಣ್ಣ ತಿದ್ದುಪಡಿ. ಹೇ ಇಂಗ್ಲಿಷ್ ಊರಲ್ಲ, ವೇಲ್ಸ್‌ನಲ್ಲಿದೆ. ಗಡಿಗೆ ಅಂಟಿಕೊಂಡೇ ಇದೆ, ಆದರೂ ಅಲ್ಲಿಯವರ ಮುಂದೆ ಇಂಗ್ಲೆಂಡ್ ಎಂದು ಹೇಳಬೇಡಿ, ಟೀಗೆ ಕರೆದುಬಿಟ್ಟಾರು.

ನಾನು ಇರುವುದು ವಾಲಿಂಗ್‌ಫರ್ಡ್ ಹತ್ತಿರದ ಒಂದು ಹಳ್ಳಿಯಲ್ಲಿ. ಕ್ರಿಸ್ಟಿ 1934ರಲ್ಲಿ ಇಲ್ಲಿ ಮನೆ ಕೊಂಡು 1976ರಲ್ಲಿ ಇಲ್ಲೇ ತೀರಿಕೊಂಡಳು. ಪಕ್ಕದ ಚೋಲ್ಸಿಯ ಚರ್ಚಿನ ಅಂಗಳದಲ್ಲಿ ಸಮಾಧಿ ಇದೆ. ಟಿವಿಯ ಪತ್ತೇದಾರಿ ಸೀರಿಯಲ್ 'ಮಿಡ್‌ಸೋಮರ್ ಮರ್ಡರ್ಸ್'ನಲ್ಲಿ ಕಾಸ್ಟನ್ ಎಂಬ ಊರು ಎಂದು ತೋರಿಸುವುದೂ ಇದೇ ವಾಲಿಂಗ್‌ಫರ್ಡ್. ನಮ್ಮತ್ತೆ ಬೆಂಗಳೂರಿನಿಂದ ಬಂದಾಗ ಪೇಟೆ ಚೌಕದಲ್ಲಿ ನಿಂತು 'ಇಲ್ಲೇ ಅಲ್ವಾ ಅವನು ಕಾರು ನಿಲ್ಲಿಸಿದ್ದು' ಎಂದು ಅತ್ತಿತ್ತ ನೋಡುತ್ತಿದ್ದರು, ಚರ್ಚ್ ನೋಡಲು ಬರಲೇ ಇಲ್ಲ.

ಅಮ್ಮನ ಪ್ರಶ್ನೆಗೆ ನನ್ನ ಅನುಭವ. ಇಲ್ಲಿ ಸಾವಾದರೆ ಮಾರನೇ ದಿನವೇ ಮಣ್ಣು ಮಾಡುವುದಿಲ್ಲ. ಎರಡು ಮೂರು ವಾರ ಆಗುತ್ತದೆ. ಅಷ್ಟರಲ್ಲಿ ನೆರೆಯವರು ಬಾಗಿಲಿನ ಸಂದಿಯಿಂದ ಕಾರ್ಡ್ ಹಾಕುತ್ತಾರೆ. ಅಂತ್ಯಕ್ರಿಯೆ ದಿನ ಎಲ್ಲರೂ ಕಪ್ಪು ಬಟ್ಟೆ ಹಾಕಿ ಬಂದು, ಆಮೇಲೆ ಸ್ಯಾಂಡ್‌ವಿಚ್ ತಿಂದು ಹೋಗುತ್ತಾರೆ. ಅಳುವುದಿಲ್ಲ ಎಂದಲ್ಲ, ಎದುರಿಗೆ ಅಳುವುದಿಲ್ಲ.

ಎರಡು ವರ್ಷದ ಹಿಂದೆ ಪಕ್ಕದ ಮನೆಯ ಅಜ್ಜ ಹೋದರು. ನನ್ನ ಹೆಂಡತಿಗೆ ಸುಮ್ಮನಿರಲಾಗಲಿಲ್ಲ. ಏನು ಕೊಡುವುದು ಎಂದು ಮನೆಯಲ್ಲಿ ದೊಡ್ಡ ಚರ್ಚೆ. ಚಿತ್ರಾನ್ನ ಬೇಡ, ಸೂತಕದ ಮನೆಗೆ ಅರಿಶಿನ ಹಾಕಿದ್ದು ಕಳಿಸಬಾರದು. ಒಗ್ಗರಣೆಯೂ ಹಾಗಿಲ್ಲ. ಅವರಿಗೆ ಅದೆಲ್ಲ ಏನು ಗೊತ್ತು ಎಂದೆ ನಾನು. 'ನಮಗೆ ಗೊತ್ತಲ್ವಾ' ಎಂದಳು. ಕೊನೆಗೆ ಒಗ್ಗರಣೆ ಇಲ್ಲದ ಮೊಸರನ್ನ ಒಂದು ಡಬ್ಬಿ. ಅಜ್ಜಿ ಬಾಗಿಲಲ್ಲೇ ನಿಂತು ತಗೊಂಡರು, ಒಂದು ಮಾತೂ ಜಾಸ್ತಿ ಆಡಲಿಲ್ಲ. ಒಂದು ವಾರದ ಮೇಲೆ ಡಬ್ಬಿ ನಮ್ಮ ಮೆಟ್ಟಿಲ ಮೇಲಿತ್ತು. ಫಳಫಳ ತೊಳೆದಿದ್ದರು. ತೆಗೆದರೆ ಒಳಗೆ ಮಡಚಿದ ಕಾರ್ಡ್. ಅನ್ನದ ಬಗ್ಗೆ ಒಂದು ಸಾಲು, ಉಳಿದ ಎರಡು ಪುಟ ಪೂರ್ತಿ ಅಜ್ಜನ ಬಗ್ಗೆ.

ಸುಮಾ_ಹಾಸನ · 1:31

ಇದನ್ನು ಅಮ್ಮನಿಗೆ ಓದಿ ಹೇಳುತ್ತೇನೆ ಸರ್.

ಕಾಫಿ_ಕಡಕ್ · 1:34

ಗುರು, ಮಿಡ್‌ಸೋಮರ್‌ನಲ್ಲಿ ಚೀಸ್ ಚಕ್ರ ಉರುಳಿಸಿ ಒಬ್ಬಳನ್ನು ಕೊಲ್ಲುತ್ತಾರೆ. ಅದನ್ನು ನೋಡಿ ಅಳುವವನು ಎಲ್ಲಿದ್ದಾನೆ? ನಾನಂತೂ ಬಿದ್ದು ಬಿದ್ದು ನಕ್ಕೆ. ಎಪಿಸೋಡಿಗೆ ಎರಡು ಮೂರು ಹೆಣ, 1997ರಿಂದ. ಆ ಜಿಲ್ಲೆಯಲ್ಲಿ ಇನ್ನೂ ಜನ ಉಳಿದಿರುವುದೇ ದೊಡ್ಡ ರಹಸ್ಯ.

ಗಣಿತ_ಮೇಷ್ಟ್ರು · 1:50

ಲೆಕ್ಕ ಹಾಕಿ. ಇಂಗ್ಲೆಂಡ್, ವೇಲ್ಸ್ ಎರಡೂ ಸೇರಿ ಈಗ ವರ್ಷಕ್ಕೆ ಸುಮಾರು 500ರಿಂದ 700 ಕೊಲೆ. ಜನ 6 ಕೋಟಿ. ಕೆಲವೇ ನೂರು ಜನರಿರುವ ಹಳ್ಳಿಗೆ ಒಂದು ಕೊಲೆ ಬರಬೇಕಾದರೆ ನೂರಾರು ವರ್ಷ ಕಾಯಬೇಕು. ಮಿಸ್ ಮಾರ್ಪಲ್ ಮನೆಗೆ ಬಂದಲ್ಲೆಲ್ಲ ಹೆಣ ಬೀಳುತ್ತದೆ ಎಂದರೆ ನಾನಾಗಿದ್ದರೆ ಮೊದಲು ಅವಳನ್ನೇ ಹಿಡಿಯುತ್ತಿದ್ದೆ.

ರಾತ್ರಿ_ಓದುಗ · 2:15

ಇದಕ್ಕೆ ಒಂದು ಹೆಸರೇ ಇದೆ. ಕಾಲಿನ್ ವ್ಯಾಟ್ಸನ್ ಎಂಬವನು 1971ರಲ್ಲಿ ಈ ಊರುಗಳಿಗೆಲ್ಲ ಸೇರಿಸಿ 'ಮೇಹೆಮ್ ಪಾರ್ವಾ' ಎಂದು ಹೆಸರಿಟ್ಟ. ಮೇಹೆಮ್ ಎಂದರೆ ಹೊಡಿ ಬಡಿ ರಕ್ತಪಾತ. ಪಾರ್ವಾ ಲ್ಯಾಟಿನ್, ಚಿಕ್ಕದು ಎಂದರ್ಥ. ಅಲ್ಲಿ ಒಂದೇ ಹೆಸರಿನ ಎರಡು ಹಳ್ಳಿ ಇದ್ದರೆ ಒಂದಕ್ಕೆ ಮ್ಯಾಗ್ನಾ, ಇನ್ನೊಂದಕ್ಕೆ ಪಾರ್ವಾ. ನಮ್ಮ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಹಾಗೆ.

ಕಾಫಿ_ಕಡಕ್ · 2:17

ಚಿಕ್ಕಕೊಲೆಹಳ್ಳಿ!! ಬಸ್ಸಿಗೆ ಬೋರ್ಡ್ ಹಾಕಿಸ್ತೀನಿ.

ಧಾರವಾಡ_ಫೇಡಾ · 2:40

ಮಿಡ್‌ಸೋಮರ್ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ. ಆ ಊರಲ್ಲಿ ನಮ್ಮಂಥ ಬಣ್ಣದವರು ಒಬ್ಬರೂ ಇರಲಿಲ್ಲವಲ್ಲ ಮೊದಲು? ಅದು ಬೇಕಂತಲೇ ಮಾಡಿದ್ದು. 2011ರಲ್ಲಿ ಅದರ ನಿರ್ಮಾಪಕ ಬಾಯಿಬಿಟ್ಟೇ ಹೇಳಿದ, ಬೇರೆ ಬಣ್ಣದವರನ್ನು ತಂದರೆ ಅದು ಇಂಗ್ಲಿಷ್ ಹಳ್ಳಿಯಾಗಿ ಉಳಿಯುವುದಿಲ್ಲ ಎಂದು. ದೊಡ್ಡ ಗಲಾಟೆ ಆಗಿ ಅವನನ್ನು ಅಮಾನತು ಮಾಡಿದರು, ಆಮೇಲೆ ಅವನು ಬಿಟ್ಟು ಹೋದ. ಎಲ್ಲರನ್ನೂ ಕೊಲ್ಲಬಹುದು, ಆದರೆ ಅಂಗಡಿಯಲ್ಲಿ ಒಬ್ಬ ಪಟೇಲ್ ಇರಬಾರದು!

ಆಕ್ಸ್‌ಫರ್ಡ್‌ಶೈರ್_ಅಳಿಯ · 3:05

ನಿಜ, ಮತ್ತು ಆ ನಿರ್ಮಾಪಕ ತಪ್ಪು ಹೇಳಿದ. ಆದರೆ ಪೂರ್ತಿ ಸುಳ್ಳೂ ಅಲ್ಲ. ನಮ್ಮ ಹಳ್ಳಿಯಲ್ಲಿ ನಾವು ಬಂದಾಗ ನಮ್ಮದೊಂದೇ ಮನೆ. ಯಾರೂ ಕೆಟ್ಟದಾಗಿ ನಡೆದುಕೊಂಡಿಲ್ಲ, ಆದರೆ ಮೊದಲ ವಾರವೇ ನಾವು ಯಾರು, ಏನು ಕೆಲಸ, ಎಷ್ಟು ದಿನ ಇರುತ್ತೇವೆ ಎಲ್ಲ ಊರಿಗೆ ಗೊತ್ತಾಗಿತ್ತು. ನಾವು ಯಾರಿಗೂ ಹೇಳಿರಲಿಲ್ಲ. ಆ ಅರ್ಥದಲ್ಲಿ ಸೇಂಟ್ ಮೇರಿ ಮೀಡ್ ಇನ್ನೂ ಜೀವಂತ. ಈಗ ಸೀರಿಯಲ್ಲಿನಲ್ಲೂ ಬೇರೆ ಬೇರೆ ಬಣ್ಣದವರು ಬಂದಿದ್ದಾರೆ, ಸಾಯುವ ಪಾತ್ರದಲ್ಲೂ. ಸಮಾನತೆ ಅಂದರೆ ಅದೇ ಅಲ್ವಾ.

ಕಾಫಿ_ಕಡಕ್ · 3:20

ಭಾರತ ಇಂಗ್ಲಿಷ್ ಹಳ್ಳಿಗೆ ಬಂದಾಗಲೆಲ್ಲ ಅನಾಹುತವೇ. 1892ರ ಷರ್ಲಾಕ್ ಹೋಮ್ಸ್ ಕಥೆ, 'ದ ಸ್ಪೆಕಲ್ಡ್ ಬ್ಯಾಂಡ್'. ಕಲ್ಕತ್ತಾದಿಂದ ವಾಪಸ್ ಬಂದ ಡಾಕ್ಟರು ಸರ್ರಿ ಜಿಲ್ಲೆಯ ಹಳೇ ಬಂಗಲೆಯಲ್ಲಿ ಚೀತಾ, ಬಬೂನ್ ಸಾಕಿಕೊಂಡು ಇರುತ್ತಾನೆ. ಬಬೂನ್ ಭಾರತದಲ್ಲಿ ಎಲ್ಲಿದೆ ಸ್ವಾಮಿ? ಮತ್ತೆ ತಟ್ಟೆಯಲ್ಲಿ ಹಾಲಿಟ್ಟು ಹಾವನ್ನು ಸಾಕುತ್ತಾನೆ, ಸಿಳ್ಳೆ ಹೊಡೆದರೆ ವಾಪಸ್ ಬರುತ್ತೆ. ಹಾವು ಹಾಲು ಕುಡಿಯಲ್ಲ, ಸಿಳ್ಳೆಗೆ ಬರಲ್ಲ.

ಧಾರವಾಡ_ಫೇಡಾ · 3:24

ಹಾಲು ಕುಡಿಯುತ್ತೆ. ನಮ್ಮಜ್ಜಿ ಪಂಚಮಿ ದಿನ ಕಣ್ಣಾರೆ ನೋಡಿದ್ದಾಳೆ.

ಔಷಧಿ_ಅಂಗಡಿ · 3:29

ನೀರು ಕೊಡದೆ ಬುಟ್ಟಿಯಲ್ಲಿ ಇಟ್ಟಿರುತ್ತಾರೆ, ಬಾಯಾರಿ ಏನು ಸಿಕ್ಕರೂ ಕುಡಿಯುತ್ತೆ. ಆಮೇಲೆ ಕಾಯಿಲೆ ಬಿದ್ದು ಸಾಯುತ್ತೆ.

ನಿರ್ವಾಹಕ · 3:41

ಹಾವಿಗೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಹಳ್ಳಿ, ಕೊಲೆ, ಅಳು, ಇಷ್ಟೇ.

ಪಟ್ಣದ_ಹುಡುಗ · ಸಂಜೆ 6:30

ನಾನು ಶ್ರೀರಂಗಪಟ್ಟಣದವನು. ಇಷ್ಟು ಹೊತ್ತಾದರೂ ಯಾರೂ ನಮ್ಮೂರಿನ ಹೆಸರು ಎತ್ತಲಿಲ್ಲವಲ್ಲ ಎಂದು ಬೇಜಾರು!

1868ರ 'ದ ಮೂನ್‌ಸ್ಟೋನ್', ವಿಲ್ಕಿ ಕಾಲಿನ್ಸ್ ಬರೆದಿದ್ದು. ಇಂಗ್ಲಿಷ್‌ನ ಮೊದಮೊದಲ ಪತ್ತೇದಾರಿ ಕಾದಂಬರಿಗಳಲ್ಲಿ ದೊಡ್ಡ ಹೆಸರು. ಅದು ಶುರುವಾಗುವುದೇ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ. ಟಿಪ್ಪುವಿನ ಕೋಟೆ ಬಿದ್ದ ದಿನ ಒಬ್ಬ ಇಂಗ್ಲಿಷ್ ಅಧಿಕಾರಿ ಕಾವಲಿನವರನ್ನು ಕೊಂದು ವಜ್ರ ಹೊಡೆದುಕೊಂಡು ಹೋಗುತ್ತಾನೆ. ಆ ವಜ್ರ ಯಾರ್ಕ್‌ಶೈರಿನ ಒಂದು ಹಳ್ಳಿ ಬಂಗಲೆ ಸೇರಿ, ಹುಟ್ಟುಹಬ್ಬದ ರಾತ್ರಿ ಕಾಣೆಯಾಗುತ್ತದೆ. ಹಳ್ಳಿ ಬಂಗಲೆ, ಮನೆತುಂಬ ನೆಂಟರು, ಗುಲಾಬಿ ಗಿಡದ ಹುಚ್ಚಿರುವ ಪತ್ತೇದಾರ, ಎಲ್ಲ ಇಲ್ಲಿಯೇ ಇದೆ. ವಜ್ರ ಕಟ್ಟುಕಥೆ, ಲೂಟಿ ನಿಜ.

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಆ ಕಾದಂಬರಿಯ ಹಿಂದೆ ಒಂದು ನಿಜವಾದ ಕೊಲೆ ಇದೆ. 1860, ವಿಲ್ಟ್‌ಶೈರ್ ಜಿಲ್ಲೆಯ ರೋಡ್ ಎಂಬ ಹಳ್ಳಿ. ಕೆಂಟ್ ಎಂಬವರ ಬಂಗಲೆ. ಮೂರು ವರ್ಷದ ಮಗು ರಾತ್ರಿ ತೊಟ್ಟಿಲಿನಿಂದ ಕಾಣೆ, ಬೆಳಿಗ್ಗೆ ಹೊರಗಿನ ಪಾಯಿಖಾನೆಯಲ್ಲಿ ಕತ್ತು ಕೊಯ್ದ ಹೆಣ. ಲಂಡನ್ನಿನಿಂದ ವಿಚರ್ ಎಂಬ ಪತ್ತೇದಾರ ಬಂದ. ಮನೆಯ ಹುಡುಗಿ, ಮಗುವಿನ ಮಲ ಅಕ್ಕ ಕಾನ್‌ಸ್ಟೆನ್ಸ್, 16 ವರ್ಷ. ಅವಳ ಒಂದು ರಾತ್ರಿ ಅಂಗಿ ಕಾಣೆಯಾಗಿತ್ತು. ಬಟ್ಟೆ ಒಗೆಯಲು ಹಾಕುವಾಗ ಬರೆದಿಡುವ ಪಟ್ಟಿಯಲ್ಲಿ ಲೆಕ್ಕ ತಾಳೆ ಆಗಲಿಲ್ಲ. ಅಷ್ಟರ ಮೇಲೆ ವಿಚರ್ ಅವಳನ್ನು ಹಿಡಿದ. ಊರು, ಪತ್ರಿಕೆ ಎಲ್ಲ ಅವನ ಮೇಲೆ ಎಗರಿದವು. ಬಡವರ ಮನೆಯಿಂದ ಬಂದ ಪೊಲೀಸನೊಬ್ಬ ಒಳ್ಳೆ ಮನೆತನದ ಹುಡುಗಿಯ ಒಳ ಉಡುಪು ಎಣಿಸುವುದೇ? ಅವಳು ಬಿಡುಗಡೆ ಆದಳು, ಇವನ ಹೆಸರು ಹಾಳಾಯಿತು. ಐದು ವರ್ಷದ ಮೇಲೆ, 1865ರಲ್ಲಿ, ಅವಳೇ ಬಂದು ತಪ್ಪೊಪ್ಪಿಕೊಂಡಳು.

ಕಾಲಿನ್ಸ್ ಈ ಅಂಗಿಯನ್ನು ಎತ್ತಿ ತನ್ನ ಕಾದಂಬರಿಗೆ ಹಾಕಿಕೊಂಡ. ಆದರೆ ಅಲ್ಲಿ ಅಂಗಿಗೆ ಹತ್ತಿರುವುದು ರಕ್ತ ಅಲ್ಲ. ಆಗ ತಾನೇ ಬಾಗಿಲಿಗೆ ಬಳಿದ ಬಣ್ಣ. ಸತ್ತ ಮಗುವಿನ ಜಾಗದಲ್ಲಿ ಕಳೆದುಹೋದ ವಜ್ರ.

ನನಗೆ ಅನ್ನಿಸುವುದು, ಅಳು ಹೋಗಿದ್ದು ಅಲ್ಲೇ. ರಕ್ತ ಬಣ್ಣ ಆದ ಮೇಲೆ ಎಲ್ಲರೂ ಆಟಕ್ಕೆ ಕೂತರು.

ರಾತ್ರಿ_ಓದುಗ · 6:48

ಈ ಎಳೆಯಲ್ಲಿ ಇಲ್ಲಿಯವರೆಗೆ ಬಂದ ಒಳ್ಳೆಯ ಉತ್ತರ. ನನ್ನ ನಾಯಿ ಗಲೀಜು ವಾಪಸ್ ತಗೊಳ್ಳುತ್ತೇನೆ.

ಗಣಿತ_ಮೇಷ್ಟ್ರು · 7:02

ಒಪ್ಪುವುದಿಲ್ಲ. ಮೂನ್‌ಸ್ಟೋನ್‌ನಲ್ಲಿ ಬೇಕಾದಷ್ಟು ಅಳು ಇದೆ. ಕೆಲಸದ ಹುಡುಗಿ ರೊಸಾನಾಳ ಕಥೆ ಓದಿ. ಅಳು ಮಾಯವಾಗಿದ್ದು ಅದಾಗಿ ಐವತ್ತು ವರ್ಷದ ಮೇಲೆ, 1920ರ ದಶಕದಲ್ಲಿ. ಯಾಕೆ ಆಗಲೇ, ಅದನ್ನು ಹೇಳಿ.

ಆಕ್ಸ್‌ಫರ್ಡ್‌ಶೈರ್_ಅಳಿಯ · ರಾತ್ರಿ 8:15

ಮೇಷ್ಟ್ರೇ, ಅದು ನನಗೆ ಗೊತ್ತು ಅನ್ನಿಸುತ್ತದೆ. ಇಲ್ಲಿ ಯಾವ ಹಳ್ಳಿಗೆ ಹೋದರೂ ಚರ್ಚಿನ ಹತ್ತಿರವೋ ನಡು ಊರಿನಲ್ಲೋ ಒಂದು ಕಲ್ಲು ಇರುತ್ತದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಊರ ಹುಡುಗರ ಹೆಸರು. ನಮ್ಮೂರಿನ ಕಲ್ಲಿನಲ್ಲಿ ಒಂದೇ ಮನೆ ಹೆಸರು ಮೂರು ಸಲ ಇದೆ. ನಾನು ದಿನಾ ನಾಯಿ ಕರೆದುಕೊಂಡು ಅದರ ಮುಂದೆ ಹೋಗುತ್ತೇನೆ, ಮೂರನೇ ಹೆಸರು ಕಣ್ಣಿಗೆ ಬಿದ್ದಿದ್ದು ಎರಡು ವರ್ಷದ ಮೇಲೆ. ಹೋದ ಹುಡುಗರೆಲ್ಲ ವಾಪಸ್ ಬಂದ ಹಳ್ಳಿಗಳಿಗೆ 'ಥ್ಯಾಂಕ್‌ಫುಲ್ ವಿಲೇಜ್' ಎಂದೇ ಹೆಸರು. ಅಂಥವು ಇಡೀ ಇಂಗ್ಲೆಂಡ್, ವೇಲ್ಸ್ ಸೇರಿ ಐವತ್ತು ಚಿಲ್ಲರೆ ಮಾತ್ರ. ಬ್ರಿಟನ್ ಒಟ್ಟು 7 ಲಕ್ಷಕ್ಕೂ ಜಾಸ್ತಿ ಜನರನ್ನು ಕಳೆದುಕೊಂಡಿತ್ತು. ಎಷ್ಟೋ ಜನರ ಹೆಣವೂ ಊರಿಗೆ ಬರಲಿಲ್ಲ.

ಕ್ರಿಸ್ಟಿಯ ಮೊದಲ ಪುಸ್ತಕ 1920ರದ್ದು. ಓದಿದವರು ಯಾರು? ಆ ಕಲ್ಲಿನ ಮೇಲಿರುವ ಹುಡುಗರ ಅಮ್ಮಂದಿರು, ಅಕ್ಕ ತಂಗಿಯರು. ಸಾವಿಗೆ ಕಾರಣ ಸಿಗುವ, ಒಬ್ಬ ತಪ್ಪಿತಸ್ಥ ಸಿಗುವ, 250 ಪುಟಕ್ಕೆ ಮುಗಿಯುವ ಕಥೆ ಅವರಿಗೆ ಬೇಕಿತ್ತೇನೋ. ಅಳು ಮನೆಯಲ್ಲೇ ಸಾಕಷ್ಟಿತ್ತು.

ಧಾರವಾಡ_ಫೇಡಾ · 8:22

ಮೇಷ್ಟ್ರು ಏನಂತೀರಿ?

ಗಣಿತ_ಮೇಷ್ಟ್ರು · 8:40

ಇದು ಊಹೆ, ರುಜುವಾತು ಅಲ್ಲ. ಆದರೆ ಚೆನ್ನಾಗಿದೆ.

ಸುಮಾ_ಹಾಸನ · ಮಂಗಳವಾರ ರಾತ್ರಿ 10:50

ಎಲ್ಲರಿಗೂ ಥ್ಯಾಂಕ್ಸ್. ಎಲ್ಲ ಓದಿ ಹೇಳಿದೆ. ಮೊಸರನ್ನದ ಡಬ್ಬಿ ಕೇಳಿ ಅಮ್ಮ 'ಆ ಹುಡುಗಿಯನ್ನು ಚೆನ್ನಾಗಿ ಬೆಳೆಸಿದ್ದಾರೆ' ಎಂದರು. ಅಳಿಯಂದಿರೇ, ನಿಮ್ಮ ಹೆಂಡತಿಗೆ ಮುಟ್ಟಿಸಿ.

ನಿನ್ನೆ 'ಎ ಮರ್ಡರ್ ಈಸ್ ಅನೌನ್ಸ್‌ಡ್' ಶುರು ಮಾಡಿದ್ದೇವೆ, 1950ರದ್ದು. ಇಂಥ ಶುಕ್ರವಾರ ಸಂಜೆ 6:30ಕ್ಕೆ ಇಂಥ ಮನೆಯಲ್ಲಿ ಕೊಲೆ ನಡೆಯಲಿದೆ ಎಂದು ಪೇಪರಿನಲ್ಲಿ ಜಾಹೀರಾತು ಬರುತ್ತದೆ. ಊರೆಲ್ಲ ಏನೋ ನೆಪ ಹೇಳಿಕೊಂಡು ಆ ಮನೆಗೆ ಬಂದು ಕೂರುತ್ತದೆ. ಯುದ್ಧ ಮುಗಿದು ಐದು ವರ್ಷ, ರೇಷನ್ ಇನ್ನೂ ಇದೆ. ಯಾರ್ಯಾರೋ ಎಲ್ಲೆಲ್ಲಿಂದಲೋ ಬಂದು ನೆಲೆಸಿದ್ದಾರೆ, ಕೈಯಲ್ಲಿ ಫೋಟೋ ಇಲ್ಲದ ಗುರುತಿನ ಚೀಟಿ. ಯಾರು ನಿಜವಾಗಿ ಯಾರು ಎಂದು ಊರಿಗೇ ಗೊತ್ತಿಲ್ಲ. 'ಆಧಾರ್ ಇರಲಿಲ್ವಾ' ಎಂದು ಅಮ್ಮ ಒಮ್ಮೆ ಕೇಳಿದರು, ಮುಂದುವರಿಸು ಎಂದರು.

ಇವತ್ತಿನ ಅಧ್ಯಾಯದಲ್ಲಿ ಒಂದು ವಿಷಯ ಬಂತು. ಆ ಊರಿನವರು ಕದ್ದು ಮುಚ್ಚಿ ಸಾಮಾನು ಹಂಚಿಕೊಳ್ಳುತ್ತಾರೆ. ಗುರುವಾರ ಒಂದು ಫಾರ್ಮಿನಲ್ಲಿ ಬೆಣ್ಣೆ ತೆಗೆಯುತ್ತಾರೆ, ಬೇಕಾದವರಿಗೆ ಸ್ವಲ್ಪ ಸ್ವಲ್ಪ ಹೋಗುತ್ತದೆ. ಹಂದಿ ಕಡಿದವರಿಗೆ ತರಕಾರಿ ಹೋಗುತ್ತದೆ. ರೇಷನ್ ಕಾಲದಲ್ಲಿ ಅದು ಕಾನೂನಿಗೆ ವಿರುದ್ಧ, ಅದಕ್ಕೆ ಪೊಲೀಸರ ಮುಂದೆ ಯಾರೂ ಬಾಯಿಬಿಡುವುದಿಲ್ಲ. ಮನೆ ಬಾಗಿಲಿಗೆ ಬೀಗ ಇಲ್ಲ. ಯಾರೂ ಇಲ್ಲದಿದ್ದರೆ ಒಳಗೆ ಹೋಗಿ ಇಟ್ಟು ಬರುವುದು.

ಅಮ್ಮ ಎದ್ದು ಕೂತರು. 'ಈಗ ಊರು ಅನ್ನಿಸ್ತು ನೋಡು' ಎಂದರು. ನಾನು ಪುಸ್ತಕ ಮುಚ್ಚಿ ದೀಪ ಆರಿಸಿ ಬಂದೆ. ಹತ್ತು ನಿಮಿಷ ಆದ ಮೇಲೆ ಕೋಣೆಯಿಂದ ಕೂಗಿದರು: 'ಏ ಸುಮಾ, ಬೆಣ್ಣೆ ಇಡೋಕೆ ಬಂದವರು ಬೇರೆ ಏನಾದ್ರೂ ಎತ್ಕೊಂಡು ಹೋಗಿರಬಹುದಲ್ವಾ?'

ಕಾಫಿ_ಕಡಕ್ · 10:53

ಅಮ್ಮನನ್ನು ಈ ವೇದಿಕೆಗೆ ಸೇರಿಸಿ. ಇವತ್ತೇ.

ಧಾರವಾಡ_ಫೇಡಾ · 10:55

ಹೌದು ಅಮ್ಮ, ಅಲ್ಲೇ ಇದೆ ನೋಡಿ, ಆ ಮನೆಯ ಮೇಜಿನ

[ತೆಗೆದಿದ್ದೇನೆ. – ನಿರ್ವಾಹಕ]